ಆಟಕ್ಕೆ ಬೆನ್ನು ಹಾಕಿ ನಾಲ್ಕು ಸೀಸನ್

ನನ್ನ ಗೆಳೆಯರು ಇವತ್ತಿಗೂ ಮಾತಾಡಿಕೊಳ್ಳುವ ಒಂದು ಕ್ರಿಕೆಟ್ ಪಂದ್ಯ ಇದೆ. ಕೊನೇ ಬಾಲ್. ಸಿಕ್ಸ್ ಹೊಡೆದರೆ ಗೆಲುವು, ಇಲ್ಲದಿದ್ದರೆ ಮನೆಗೆ. ಆ ಸಿಕ್ಸ್ ಬಂದು ಬಿದ್ದದ್ದು ನಾನು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ. ನಾನು ನೋಡಲಿಲ್ಲ. ಬೌಂಡರಿ ಹಗ್ಗದ ಆಚೆ, ಜಾಹೀರಾತಿನ ಹಲಗೆ ಪಕ್ಕದಲ್ಲಿ ಮುಖ ಜನರ ಕಡೆ, ಬೆನ್ನು ಆಟದ ಕಡೆ ಮಾಡಿ ನಿಂತಿದ್ದೆ. ಸ್ಟೂವರ್ಡ್, ಅಂದರೆ ಸ್ಟೇಡಿಯಂನಲ್ಲಿ ಜನರನ್ನು ನೋಡಿಕೊಳ್ಳುವವನ ಕೆಲಸ ಅಂದರೆ ಅದೇ. ತಿರುಗಿ ನೋಡುವ ಹಾಗಿಲ್ಲ.

ನಾಲ್ಕು ಸೀಸನ್ ಹೀಗೆ ನಿಂತ ಮೇಲೆ ಆಟವನ್ನು ಕಿವಿಯಲ್ಲಿ ನೋಡುವುದು ಅಭ್ಯಾಸವಾಗುತ್ತದೆ. ಫೋರ್ ಹೋದರೆ ಸದ್ದು ಒಂದೇ ಸಮ ಏರುತ್ತಾ ಹೋಗುತ್ತದೆ. ಸಿಕ್ಸ್ ಆದರೆ ಮಧ್ಯದಲ್ಲಿ ಒಂದು ಗ್ಯಾಪ್ ಇರುತ್ತದೆ, ಬಾಲ್ ಗಾಳಿಯಲ್ಲಿರುವಷ್ಟು ಹೊತ್ತು ಜನ ಉಸಿರು ಬಿಗಿ ಹಿಡಿದಿರುತ್ತಾರೆ, ಆಮೇಲೆ ಒಮ್ಮೆಲೇ ಸ್ಫೋಟ. ನಮ್ಮ ಟೀಮಿನ ವಿಕೆಟ್ ಬಿದ್ದರೆ ಸಾವಿರಾರು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು. ಮುಂದಿನ ಸಾಲಿನಲ್ಲಿ ಯಾರಾದರೂ ಪುಣ್ಯಾತ್ಮರು ಇದ್ದರೆ ಬೆರಳಲ್ಲೇ ಸನ್ನೆ ಮಾಡಿ ಹೇಳುತ್ತಾರೆ, ನಾಲ್ಕು, ಆರು, ಔಟು ಅಂತ. ಅಂಥವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಇದೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಒಬ್ಬ ಗೆಳೆಯ "ನಿನಗೇನು ಬಿಡೋ, ಫ್ರೀಯಾಗಿ ಮ್ಯಾಚ್ ನೋಡ್ತಿದ್ದೆ, ಮೇಲಿಂದ ದುಡ್ಡೂ ಕೊಡ್ತಿದ್ರು" ಅಂದ. ಸುಮ್ನೆ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಕೆಲಸಕ್ಕೆ ತೆಗೆದುಕೊಳ್ಳುವಾಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಯಾವ ಟೀಮಿನ ಫ್ಯಾನ್ ನೀನು ಅಂತ. ಎರಡನೇದು, ಎಷ್ಟು ಹೊತ್ತು ನಿಲ್ಲಬಲ್ಲೆ ಅಂತ. ಜನರ ಗುಂಪನ್ನು ಹೇಗೆ ನಿಭಾಯಿಸುತ್ತೀಯ, ಯಾರಾದರೂ ಕುಸಿದು ಬಿದ್ದರೆ ಏನು ಮಾಡುತ್ತೀಯ, ಇದ್ಯಾವುದನ್ನೂ ಕೇಳಲಿಲ್ಲ. ಅದನ್ನೆಲ್ಲ ಆಮೇಲೆ ಅರ್ಧ ದಿನದ ತರಬೇತಿಯಲ್ಲಿ ಹೇಳಿದರು. ಫ್ಯಾನ್ ಅಂತ ಯಾಕೆ ಕೇಳಿದರು ಅನ್ನುವುದು ಮೊದಲ ಸಂಬಳದ ದಿನ ಅರ್ಥವಾಯಿತು. ಅಭಿಮಾನವನ್ನೂ ಸಂಬಳದ ಲೆಕ್ಕಕ್ಕೆ ಹಿಡಿದಿದ್ದರು! ಆಟದ ಹತ್ತಿರ ಇರುವುದೇ ನಿನ್ನ ಭಾಗ್ಯ, ಉಳಿದದ್ದು ಸ್ವಲ್ಪ ಕಮ್ಮಿ ಇದ್ದರೂ ನಡೆಯುತ್ತದೆ, ಅಲ್ವಾ? ಹೀಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಗೇಟಿನ ಹೊರಗೆ ಇನ್ನೂ ನೂರು ಫ್ಯಾನ್‌ಗಳು ಅರ್ಜಿ ಹಿಡಿದು ನಿಂತಿರುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಹಾಕಿಕೊಂಡ ಜಾಕೆಟ್ಟು ಟೀಮಿನ ಬಣ್ಣದ್ದು. ಸಂಬಳದ ಚೀಟಿಯಲ್ಲಿ ಇರುವುದು ಜನರನ್ನು ಸರಬರಾಜು ಮಾಡುವ ಏಜೆನ್ಸಿಯ ಹೆಸರು. ವಾಕಿಟಾಕಿಯಲ್ಲಿ ಆರ್ಡರ್ ಕೊಡುವುದು ಸ್ಟೇಡಿಯಂನ ಕಂಟ್ರೋಲ್ ರೂಂ. ಹೀಗೆ ಮೂರು ಯಜಮಾನರು. ಜನರ ಕಣ್ಣಿಗೆ ಮಾತ್ರ ನಾನು ಟೀಮಿನವನು. ಟೀಮಿಗೆ ನಾನು ಏಜೆನ್ಸಿಯವನು. ಏಜೆನ್ಸಿಗೆ ನಾನು ಪಟ್ಟಿಯಲ್ಲಿರುವ ಒಂದು ನಂಬರ್. ಕೆಲಸಗಾರರಲ್ಲಿ ನಿಷ್ಠೆ ಇಲ್ಲ, ಒಂದು ಸೀಸನ್ ಮಾಡಿ ಓಡಿ ಹೋಗುತ್ತಾರೆ ಅಂತ ಮೀಟಿಂಗುಗಳಲ್ಲಿ ಬೈಯುತ್ತಿದ್ದರು. ನಿಷ್ಠೆ ಇಡಬೇಕಾದದ್ದು ಈ ಮೂವರಲ್ಲಿ ಯಾರಿಗೆ ಅಂತ ಕೇಳಬೇಕು ಅನ್ನಿಸುತ್ತಿತ್ತು. ಕೇಳಲಿಲ್ಲ, ಮುಂದಿನ ಪಂದ್ಯದ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಎಂಬ ಭಯ.

ಕೆಲಸದ ನಿಷ್ಠೆ ಬಗ್ಗೆ ಮನಶ್ಶಾಸ್ತ್ರದವರು ಬರೆದದ್ದನ್ನು ಆಮೇಲೆ ಸ್ವಲ್ಪ ಓದಿದೆ. 1991ರಲ್ಲಿ ಜಾನ್ ಮೇಯರ್, ನ್ಯಾಟಲಿ ಆಲೆನ್ ಅನ್ನುವ ಇಬ್ಬರು ನಿಷ್ಠೆಯನ್ನು ಮೂರು ಬಗೆ ಮಾಡಿದರು. ಇಷ್ಟಪಟ್ಟು ಉಳಿಯುವುದು ಒಂದು. ಬಿಟ್ಟರೆ ನಷ್ಟ ಅಂತ ಲೆಕ್ಕ ಹಾಕಿ ಉಳಿಯುವುದು ಇನ್ನೊಂದು. ಬಿಟ್ಟುಹೋಗುವುದು ಸರಿಯಲ್ಲ ಅಂತ ಋಣಕ್ಕೆ ಉಳಿಯುವುದು ಮೂರನೇದು. ಓದುತ್ತಿದ್ದ ಹಾಗೇ ನಮ್ಮ ಗೇಟಿನ ಮೂರು ಮುಖಗಳು ಕಣ್ಣ ಮುಂದೆ ಬಂದವು. ನನ್ನ ಜೊತೆ ನಿಲ್ಲುತ್ತಿದ್ದ ಕಾಲೇಜು ಹುಡುಗ ಮೊದಲನೇ ಬಗೆ, ಅವನಿಗೆ ಆ ಜಾಕೆಟ್ಟು ಹಾಕಿಕೊಂಡರೆ ಸಾಕು, ಎದೆ ಎರಡಿಂಚು ಉಬ್ಬುತ್ತಿತ್ತು. ಟಿಕೆಟ್ ಕೌಂಟರಿನ ಅಕ್ಕ ಎರಡನೇ ಬಗೆ. ಸಂಜೆ ಮತ್ತು ರಜಾ ದಿನ ಮಾತ್ರ ಮಾಡುವಂಥ ಕೆಲಸ ಅವರಿಗೆ ಬೇರೆ ಎಲ್ಲೂ ಸಿಗುತ್ತಿರಲಿಲ್ಲ, ಆಟದ ಬಗ್ಗೆ ಅವರಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಮೂರನೆಯವರು ನಾವು ದೊಡ್ಡವರು ಅಂತ ಕರೆಯುತ್ತಿದ್ದ ಹಿರಿಯರು. ಬೇರೆ ಕೆಲಸದಿಂದ ನಿವೃತ್ತರಾಗಿ ಬಂದವರು. ನಾನು ಬರದಿದ್ದರೆ ಈ ಗೇಟು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಅವರ ಚಿಂತೆ.

ಇವರಲ್ಲಿ ಮೊದಲು ಬಿಟ್ಟುಹೋದವನು ಯಾರು ಗೊತ್ತಾ? ಇಷ್ಟಪಟ್ಟು ಬಂದ ಹುಡುಗ. ಮೊದಲ ಸೀಸನ್ನಿನ ಅರ್ಧಕ್ಕೇ. ಆಮೇಲೆ ಯೋಚಿಸಿದರೆ ಆಶ್ಚರ್ಯವೇನೂ ಇಲ್ಲ. ಅವನು ಆಟವನ್ನು ಪ್ರೀತಿಸಿ ಬಂದಿದ್ದ, ಕೆಲಸ ಅವನನ್ನು ಆಟದಿಂದ ತಿರುಗಿಸಿ ನಿಲ್ಲಿಸಿತ್ತು. ಅಕ್ಕನಿಗೆ ಆ ಮೋಸ ಆಗಲೇ ಇಲ್ಲ, ಅವರು ಕೆಲಸಕ್ಕೆ ಬಂದಿದ್ದರು, ಸಿಕ್ಕಿದ್ದೂ ಕೆಲಸವೇ.

ಗೆದ್ದ ದಿನ ಸೋತ ದಿನದ ಕಥೆಯೇ ಬೇರೆ. 1976ರಲ್ಲಿ ರಾಬರ್ಟ್ ಚಿಯಾಲ್ಡಿನಿ ಮತ್ತು ಅವರ ಜೊತೆಗಾರರು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಸಣ್ಣ ವಿಷಯ ಗಮನಿಸಿದರು. ವಾರದ ಕೊನೆಯಲ್ಲಿ ಕಾಲೇಜಿನ ಫುಟ್‌ಬಾಲ್ ಟೀಮು ಗೆದ್ದರೆ, ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವವರು ಜಾಸ್ತಿ. ಮಾತಿನಲ್ಲೂ ಹಾಗೇ, ಗೆದ್ದರೆ "ನಾವು ಗೆದ್ವಿ", ಸೋತರೆ "ಅವರು ಸೋತರು". ನಮ್ಮಲ್ಲೂ ಇದೇ ನಡೆಯುತ್ತಿತ್ತು. ಗೆದ್ದ ರಾತ್ರಿ ಡ್ಯೂಟಿ ಮುಗಿಸಿ ಹೋಗುವಾಗ ಜಾಕೆಟ್ಟು ತೆಗೆಯದೇ ಬಸ್ಸು ಹತ್ತುತ್ತಿದ್ದೆವು. ಸೋತ ರಾತ್ರಿ ಮಡಚಿ ಬ್ಯಾಗಿಗೆ. ಇದರಲ್ಲಿ ನಾಚಿಕೆ ಅಷ್ಟೇ ಅಲ್ಲ, ಹುಷಾರೂ ಇತ್ತು. ಸೋತ ಟೀಮಿನ ಫ್ಯಾನ್‌ಗೆ ಬೈಯಲು ಯಾರಾದರೂ ಬೇಕು. ಆಟಗಾರರು ಬಸ್ಸು ಹತ್ತಿ ಹೋಗಿರುತ್ತಾರೆ, ಮಾಲೀಕರು ಗಾಜಿನ ಹಿಂದಿನ ಬಾಕ್ಸಿನಲ್ಲಿ ಇರುತ್ತಾರೆ, ಕೋಚು ಟಿವಿಯಲ್ಲಿ ಇರುತ್ತಾನೆ. ಕೈಗೆ ಸಿಗುವವನು ಗೇಟಿನಲ್ಲಿ ಅದೇ ಬಣ್ಣದ ಜಾಕೆಟ್ಟು ಹಾಕಿಕೊಂಡು ನಿಂತವನು ಒಬ್ಬನೇ.

ಒಂದು ಸಲ ಒಬ್ಬರು, ಚೆನ್ನಾಗಿ ಓದಿದವರ ಹಾಗೆ ಕಾಣುತ್ತಿದ್ದರು, ನನ್ನ ಮುಖಕ್ಕೆ ಮುಖ ಕೊಟ್ಟು "ಹತ್ತೊಂಬತ್ತನೇ ಓವರ್ ಅವನಿಗೆ ಯಾಕೆ ಕೊಟ್ರಿ?" ಅಂತ ಕೂಗಿದರು. ನಾನು "ಎಡಗಡೆ ದಾರಿ ಖಾಲಿ ಇದೆ ಸಾರ್, ನಿಧಾನವಾಗಿ ಇಳೀರಿ" ಅಂದೆ. ನಗುತ್ತಾ. ಆ ನಗು ಕೂಡ ಡ್ಯೂಟಿಯೇ. ಆರ್ಲಿ ಹೋಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಪರಿಚಾರಕಿಯರನ್ನು ಇಟ್ಟುಕೊಂಡು ಈ ಬಗ್ಗೆ ವಿವರವಾಗಿ ಬರೆದರು. ಒಳಗೆ ಏನೇ ಇರಲಿ, ಹೊರಗೆ ಸಂಸ್ಥೆಗೆ ಬೇಕಾದ ಮುಖ ತೋರಿಸುವುದೂ ಒಂದು ದುಡಿಮೆ, ಅದಕ್ಕೂ ಮೈ ದಣಿದ ಹಾಗೆ ಮನಸ್ಸು ದಣಿಯುತ್ತದೆ ಅಂತ. ಸ್ಟೇಡಿಯಂನಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ನಮಗೂ ಸೋತ ದುಃಖ ಇರುತ್ತದೆ, ಆ ಹತ್ತೊಂಬತ್ತನೇ ಓವರ್ ಅವನಿಗೆ ಯಾಕೆ ಕೊಟ್ಟರು ಅಂತ ನನ್ನ ಹೊಟ್ಟೆಯೂ ಉರಿಯುತ್ತಿರುತ್ತದೆ, ಆದರೆ ಆ ವ್ಯಕ್ತಿಗೆ ಕೂಗುವ ಹಕ್ಕಿದೆ, ನನಗೆ ದಾರಿ ತೋರಿಸುವ ಕೆಲಸ ಇದೆ.

ಸರಿ, ಹಾಗಾದರೆ ನಾಲ್ಕು ಸೀಸನ್ ಯಾಕೆ ಮಾಡಿದೆ? ಆಟದಿಂದ ಅಲ್ಲ. ಎರಡನೇ ಸೀಸನ್ನಿನಲ್ಲಿ ಬಂದ ಒಬ್ಬ ಸೂಪರ್‌ವೈಸರ್‌ನಿಂದ.

ಮೊದಲ ವರ್ಷದ ಸೂಪರ್‌ವೈಸರ್‌ನ ಮುಖ ನನಗೆ ನೆನಪಿಲ್ಲ, ದನಿ ನೆನಪಿದೆ. ವಾಕಿಟಾಕಿಯ ಒಳಗಿನಿಂದಲೇ ಬದುಕುತ್ತಿದ್ದ ಮನುಷ್ಯ. "ಗೇಟ್ ಸೆವೆನ್, ಲೈನ್ ಯಾಕೆ ನಿಂತಿದೆ?" ನಿಂತಿರುವುದು ಸ್ಕ್ಯಾನರ್ ಕೆಟ್ಟಿರುವುದರಿಂದ ಅಂದರೆ "ಎಕ್ಸ್‌ಕ್ಯೂಸ್ ಬೇಡ". ಎರಡನೇ ವರ್ಷದವಳು ಗೇಟು ತೆರೆಯುವ ಮುಂಚೆ ಎಲ್ಲ ಗೇಟಿಗೂ ಒಂದು ಸುತ್ತು ನಡೆದು ಬರುತ್ತಿದ್ದಳು. ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಒಂದು ದಿನ ಸ್ಕ್ಯಾನರ್ ಕೆಟ್ಟಾಗ ಅವಳೇ ಬಂದು ಸಾಲಿನ ಮುಂದೆ ನಿಂತು "ತಪ್ಪು ನಮ್ಮದು, ಹತ್ತು ನಿಮಿಷ ಕೊಡಿ" ಅಂತ ಜನರಿಗೆ ಹೇಳಿದಳು. ಬೈಗುಳ ಅವಳಿಗೆ ಬಿತ್ತು, ನಮಗಲ್ಲ. ಅವತ್ತಿನಿಂದ ಅವಳು ಕರೆದ ಯಾವ ಡ್ಯೂಟಿಗೂ ನಾನು ಇಲ್ಲ ಅಂದಿಲ್ಲ.

ಆಮೇಲೆ ಅವಳು ಎರಡು ಕೆಲಸ ಮಾಡಿದಳು. ದೊಡ್ಡವರಿಗೆ ಒಂದು ಸ್ಟೂಲು ತರಿಸಿದಳು. ಮತ್ತು ಸಂದಣಿ ಕಮ್ಮಿ ಇರುವ ಹೊತ್ತಿನಲ್ಲಿ ನಾವು ಒಬ್ಬೊಬ್ಬರೇ ಹದಿನೈದು ನಿಮಿಷ ಒಳಗೆ ಹೋಗಿ, ಮೆಟ್ಟಿಲ ಮೇಲೆ ನಿಂತು, ಆಟದ ಕಡೆ ಮುಖ ಮಾಡಿ ನೋಡಬಹುದು ಅಂದಳು. ಎರಡಕ್ಕೂ ಯಾರ ಬೊಕ್ಕಸವೂ ಖಾಲಿಯಾಗಲಿಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳ ಮಾತು ಕೇಳಿ ಒಂದು ವಿಷಯ ಹೇಳಿದ್ದರು, ಕೆಲಸದಲ್ಲಿ ಬೇಜಾರು ತರುವ ಕಾರಣಗಳೇ ಬೇರೆ, ಖುಷಿ ತರುವ ಕಾರಣಗಳೇ ಬೇರೆ ಅಂತ. ಸಂಬಳ, ಕೂರುವ ಜಾಗ, ನಿಯಮ, ಮೇಲಿನವರ ಕಾಟ ಇವೆಲ್ಲ ಸರಿ ಇಲ್ಲದಿದ್ದರೆ ಮನಸ್ಸು ಕೆಡುತ್ತದೆ, ಸರಿ ಇದ್ದ ಮಾತ್ರಕ್ಕೆ ಕುಣಿದಾಡುವುದಿಲ್ಲ. ಆಮೇಲೆ ಬಂದವರು ಈ ಗೆರೆ ಅಷ್ಟು ನೇರ ಇಲ್ಲ ಅಂತ ತಕರಾರು ಮಾಡಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಆ ಸ್ಟೂಲು ಹರ್ಜ್‌ಬರ್ಗ್ ಲೆಕ್ಕದಲ್ಲಿ ಬರೀ ಬೇಜಾರು ಕಳೆಯುವ ವಸ್ತು. ಆದರೆ ಅದು ಬಂದ ದಿನ ದೊಡ್ಡವರ ಮುಖ ನೋಡಬೇಕಿತ್ತು. ಕೂತದ್ದು ಕಮ್ಮಿ, ತೋರಿಸಿದ್ದು ಜಾಸ್ತಿ.

ಗೇಟಿನಲ್ಲಿ ನಿಲ್ಲುವುದು ಏನು ಮಹಾ, ಯಾರು ಬೇಕಾದರೂ ನಿಲ್ಲಬಹುದು ಅನ್ನುವವರಿಗೆ 2021ರ ಜುಲೈ 11 ನೆನಪಿಸಬೇಕು. ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಯೂರೋ ಫುಟ್‌ಬಾಲ್ ಫೈನಲ್. ಟಿಕೆಟ್ ಇಲ್ಲದ ಸುಮಾರು 2000 ಜನ ನುಗ್ಗಿ ಒಳಗೆ ಹೋದರು ಅಂತ ಲೂಯೀಸ್ ಕೇಸಿ ನಡೆಸಿದ ವಿಚಾರಣೆಯ ವರದಿ ಹೇಳಿತು. ಆ ನುಗ್ಗಾಟದ ಎದುರಿಗೆ ನಿಂತವರು ಸ್ಟೂವರ್ಡ್‌ಗಳು, ಬೈಸಿಕೊಂಡವರೂ ಹೊಡೆಸಿಕೊಂಡವರೂ ಅವರೇ. ನನಗೆ ಆ ವಿಡಿಯೋಗಳನ್ನು ಪೂರ್ತಿ ನೋಡಲು ಆಗಲಿಲ್ಲ. ಅನುಭವಿ ಒಬ್ಬ ಗೇಟಿನಲ್ಲಿದ್ದರೆ, ಗುಂಪಿನ ಸದ್ದು ಬದಲಾದ ಕೂಡಲೇ ಅವನಿಗೆ ಗೊತ್ತಾಗುತ್ತದೆ. ಹಿಂದಿನಿಂದ ತಳ್ಳಾಟ ಶುರುವಾದರೆ ಮುಂದಿರುವವರ ಮಾತು ನಿಂತುಹೋಗುತ್ತದೆ, ಮಕ್ಕಳನ್ನು ಹೆಗಲಿಗೆ ಎತ್ತಿಕೊಳ್ಳುತ್ತಾರೆ. ದೊಡ್ಡವರು ಅದನ್ನು ನೋಡಿ ಗೇಟು ನಿಲ್ಲಿಸಿ ಅಂತ ವಾಕಿಟಾಕಿಯಲ್ಲಿ ಹೇಳುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಈ ತಿಳಿವಳಿಕೆ ಅರ್ಧ ದಿನದ ತರಬೇತಿಯಲ್ಲಿ ಬರುವುದಿಲ್ಲ. ವರ್ಷಾನುಗಟ್ಟಲೆ ಉಳಿದವರಿಗೆ ಬರುತ್ತದೆ. ಅವರು ಬಿಟ್ಟುಹೋದರೆ ಅದೂ ಅವರ ಜೊತೆಗೇ ಹೋಗುತ್ತದೆ, ಏಜೆನ್ಸಿ ಮಾತ್ರ ಇನ್ನೊಂದು ನಂಬರ್ ಕಳಿಸಿ ಲೆಕ್ಕ ಸರಿಯಾಯಿತು ಅನ್ನುತ್ತದೆ.

ಇನ್ನು 2020. ಮಾರ್ಚ್ 11ರಂದು ಕೊರೋನಾದಿಂದ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಸೀಸನ್ ನಿಂತಿತು. ಆಟಗಾರರ ಒಪ್ಪಂದ ಒಪ್ಪಂದವೇ. ಪಂದ್ಯವಿದ್ದ ದಿನ ಮಾತ್ರ ಕೂಲಿ ಇರುವ ಅರೀನಾ ಕೆಲಸಗಾರರಿಗೆ ಮರುದಿನವೇ ಸೊನ್ನೆ. ಮೊದಲು ಕೈ ಎತ್ತಿದವರಲ್ಲಿ ಆಟಗಾರರೂ ಇದ್ದರು ಅನ್ನುವುದು ನನಗೆ ಇವತ್ತಿಗೂ ಇಷ್ಟವಾಗುವ ವಿಷಯ. ಕೆವಿನ್ ಲವ್ ತನ್ನ ಟೀಮಿನ ಅರೀನಾ ಸಿಬ್ಬಂದಿಗೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಹೇಳಿದ. ಆಗಿನ್ನೂ 19 ವರ್ಷದ ಜಾಯಾನ್ ವಿಲಿಯಮ್ಸನ್ ತನ್ನ ಅರೀನಾದ ಕೆಲಸಗಾರರ 30 ದಿನದ ಸಂಬಳ ತಾನು ಭರಿಸುತ್ತೇನೆ ಅಂದ. ದೊಡ್ಡ ಮನಸ್ಸು. ಆದರೆ ತಿರುಗಿಸಿ ನೋಡಿದರೆ, ತಿಂಗಳ ಅನ್ನಕ್ಕೆ ಹತ್ತೊಂಬತ್ತರ ಹುಡುಗನೊಬ್ಬ ಮನಸ್ಸು ಮಾಡಬೇಕಾಗಿ ಬಂತಲ್ಲ ಅನ್ನುವುದೂ ಇದೆ.

ಅದೇ ವರ್ಷ ಇಂಗ್ಲೆಂಡಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ 55 ಹುದ್ದೆ ಕಡಿತ ಮಾಡುವುದಾಗಿ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ, ಪಂದ್ಯದ ದಿನ ಜನರನ್ನು ರಂಜಿಸುವ ಗನ್ನರ್‌ಸಾರಸ್ ಎಂಬ ಡೈನೋಸಾರ್ ವೇಷದೊಳಗೆ 1993ರಿಂದ ಇದ್ದ ವ್ಯಕ್ತಿಯ ಕೆಲಸವೂ ಹೋಯಿತು. ಅದೇ ವಾರ ಕ್ಲಬ್ಬು ಕೋಟಿಗಟ್ಟಲೆ ಪೌಂಡ್ ಕೊಟ್ಟು ಹೊಸ ಆಟಗಾರನನ್ನು ತಂದಿತ್ತು. ಕ್ಲಬ್ಬಿನ ಆಟಗಾರ ಮೆಸುತ್ ಓಜಿಲ್ ಆ ವೇಷಧಾರಿಯ ಸಂಬಳ ನಾನು ಕೊಡುತ್ತೇನೆ ಅಂದ. ಗಲಾಟೆ ಜೋರಾದ ಮೇಲೆ ಡೈನೋಸಾರ್ ವಾಪಸ್ ಬಂತು. ವೇಷಕ್ಕೆ ಅಷ್ಟು ಜನ ದನಿ ಎತ್ತಿದರು, ಕೆಲಸ ಕಳೆದುಕೊಂಡ ಉಳಿದವರ ಮುಖ ಯಾರಿಗೂ ಗೊತ್ತಿರಲಿಲ್ಲ. ಗೇಟಿನಲ್ಲಿ ನಿಲ್ಲುವವರು ಡೈನೋಸಾರ್ ವೇಷ ಹಾಕಬೇಕೇನೋ ಅಂತ ನಾವು ಆಗ ತಮಾಷೆ ಮಾಡಿಕೊಂಡೆವು. ತಮಾಷೆಯಲ್ಲಿ ಸ್ವಲ್ಪ ಹುಳಿ ಇತ್ತು.

2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಮೊಹಮ್ಮದ್ ಸಿರಾಜ್ ಆರು ವಿಕೆಟ್ ತೆಗೆದು, ಪಂದ್ಯಶ್ರೇಷ್ಠಕ್ಕೆ ಬಂದ 5000 ಡಾಲರನ್ನು ಕೊಲಂಬೊ ಮೈದಾನದ ಸಿಬ್ಬಂದಿಗೆ ಕೊಟ್ಟಾಗ ನಾನು ಟಿವಿ ಮುಂದೆ ಎದ್ದು ನಿಂತುಬಿಟ್ಟೆ. ಮಳೆ ಆ ಟೂರ್ನಿಯನ್ನು ಪೂರ್ತಿ ಕಾಡಿತ್ತು. ಹೊದಿಕೆ ಎಳೆದು, ತೆಗೆದು, ಮತ್ತೆ ಎಳೆದು ಆಟ ಉಳಿಸಿದವರು ಅವರು. ಅವತ್ತೇ ಏಷ್ಯನ್ ಕ್ರಿಕೆಟ್ ಕೌನ್ಸಿಲ್ ಮತ್ತು ಶ್ರೀಲಂಕಾ ಮಂಡಳಿ ಕೊಲಂಬೊ, ಕ್ಯಾಂಡಿ ಮೈದಾನಗಳ ಸಿಬ್ಬಂದಿಗೆ 50,000 ಡಾಲರ್ ಘೋಷಿಸಿದವು. ದುಡ್ಡಿಗಿಂತ ನನಗೆ ಹಿಡಿಸಿದ್ದು, ಅಷ್ಟು ದೊಡ್ಡ ವೇದಿಕೆಯಲ್ಲಿ ನಿಂತು ಇವರಿಲ್ಲದಿದ್ದರೆ ಟೂರ್ನಿ ನಡೆಯುತ್ತಿರಲಿಲ್ಲ ಅಂತ ಅವನು ಹೇಳಿದ್ದು. ಸಂಬಳದ ಚೀಟಿಯಲ್ಲಿ ಆ ಮಾತು ಎಂದೂ ಇರುವುದಿಲ್ಲ. ಹಾಗಂತ ಮಾತೇ ಸಾಕು ಅಂತ ಯಾರೂ ಅಂದುಕೊಳ್ಳಬೇಡಿ, ಮಾತು ಹೇಳಿ ಸಂಬಳ ತಡ ಮಾಡುವವರನ್ನೂ ನೋಡಿದ್ದೇನೆ. ಮೂರನೇ ಸೀಸನ್ನಿನಲ್ಲಿ ಎರಡು ತಿಂಗಳ ಕೂಲಿ ತಡವಾಯಿತು, ಬದಲಿಗೆ ಎಲ್ಲರಿಗೂ "ನೀವು ನಮ್ಮ ಕುಟುಂಬ" ಅಂತ ಒಂದು ಮೆಸೇಜ್ ಬಂತು. ಟಿಕೆಟ್ ಕೌಂಟರಿನ ಅಕ್ಕ ಅದನ್ನು ಓದಿ "ಕುಟುಂಬಕ್ಕಾದ್ರೆ ಸಾಲ ಕೇಳಬಹುದು" ಅಂದರು.

ಇನ್ನೊಂದು ಕಡೆ ಸ್ವಯಂಸೇವಕರು ಇದ್ದಾರೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಸುಮಾರು 70,000 ಜನ ಸಂಬಳವಿಲ್ಲದೆ ದುಡಿದರು. ಅದೇ ಕ್ರೀಡಾಕೂಟಕ್ಕೆ ದುಡ್ಡು ಪಡೆದು ಕಾವಲುಗಾರರನ್ನು ಒದಗಿಸಬೇಕಾದ ಕಂಪನಿ ಒಪ್ಪಿಕೊಂಡಷ್ಟು ಜನರನ್ನು ಕೊಡಲಾಗದೆ, ಸರ್ಕಾರ 3500 ಸೈನಿಕರನ್ನು ಹೆಚ್ಚುವರಿಯಾಗಿ ಕರೆಸಬೇಕಾಯಿತು. ನೋಡಿದಿರಾ, ದುಡ್ಡಿಲ್ಲದೆಯೂ ಜನ ಬರುತ್ತಾರೆ ಅಂತ ಮ್ಯಾನೇಜರ್‌ಗಳು ಇದರಿಂದ ಪಾಠ ಕಲಿತರೆ ಅದು ತಪ್ಪು ಪಾಠ. ಎರಡು ವಾರದ ಹಬ್ಬಕ್ಕೆ ಬರುವುದು ಬೇರೆ. ಕೊನೇ ಸ್ಥಾನದಲ್ಲಿರುವ ಟೀಮಿನ ಪಂದ್ಯಕ್ಕೆ, ಮಳೆಯಲ್ಲಿ, ಅರ್ಧ ಖಾಲಿ ಸ್ಟ್ಯಾಂಡಿನ ಮುಂದೆ ನಿಲ್ಲಲು ಬರುವುದು ಬೇರೆ. ಎರಡನೇದಕ್ಕೆ ಯಾರೂ ಪದಕ ಇಟ್ಟುಕೊಂಡಿಲ್ಲ.

ನಾನು ಬಿಟ್ಟದ್ದು ಜಗಳವಾಡಿ ಅಲ್ಲ. ಆ ಸೂಪರ್‌ವೈಸರ್‌ಗೆ ಬೇರೆ ಕೆಲಸ ಸಿಕ್ಕಿತು. ಅವಳ ಜಾಗಕ್ಕೆ ಮತ್ತೊಂದು ದನಿ ಬಂತು. ಮೆಟ್ಟಿಲ ಮೇಲಿನ ಹದಿನೈದು ನಿಮಿಷ ರದ್ದಾಯಿತು, ಸ್ಟೂಲು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ದೊಡ್ಡವರು ಒಂದು ಪಂದ್ಯಕ್ಕೆ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಯಾಕೆ ಅಂತ ವಿಚಾರಿಸಲು ಏಜೆನ್ಸಿಯಿಂದ ಯಾರೂ ಫೋನ್ ಮಾಡಲಿಲ್ಲವಂತೆ. ಅದರಿಂದ ಅವರಿಗೆ ತುಂಬಾ ನೋವಾಗಿತ್ತು, ಮೊಣಕಾಲು ನೋವಿಗಿಂತ ಜಾಸ್ತಿ ಅಂತ ಅವರೇ ಹೇಳಿದರು. ಅಕ್ಕ ಇನ್ನೂ ಇದ್ದಾರೆ. ಅವರ ಲೆಕ್ಕ ಇನ್ನೂ ಸರಿ ಹೋಗುತ್ತಿದೆ.

ಕಳೆದ ತಿಂಗಳು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಹೋದೆ, ಮುಂದಿನ ಸಾಲಿನಲ್ಲೇ. ನನ್ನ ಎದುರಿಗೆ ಒಬ್ಬ ಹೊಸ ಹುಡುಗ, ಜಾಕೆಟ್ಟು ಅವನಿಗೆ ಎರಡು ಸೈಜ್ ದೊಡ್ಡದು, ಬೆನ್ನು ಆಟದ ಕಡೆ. ಹದಿನೇಳನೇ ಓವರ್‌ನಲ್ಲಿ ವಿಕೆಟ್ ಬಿತ್ತು. ನಾನು ಎದ್ದು ಕೂಗುವುದನ್ನು ಬಿಟ್ಟು ಅವನಿಗೆ ಕಾಣುವ ಹಾಗೆ ಬೆರಳೆತ್ತಿ ತೋರಿಸಿದೆ, ಬೌಲ್ಡ್, ಬೌಲ್ಡ್ ಅಂತ. ಅವನು ನನ್ನ ಕಡೆ ನೋಡಲೇ ಇಲ್ಲ. ನನ್ನ ಹಿಂದೆ ಮೂರು ಸಾಲು ಮೇಲೆ, ಕುಣಿಯುತ್ತಿದ್ದ ಜನರ ನಡುವೆ ಕುರ್ಚಿಯ ಬೆನ್ನಿನ ಮೇಲೆ ಹತ್ತಿ ನಿಂತಿದ್ದ ಒಂದು ಮಗುವಿನ ಮೇಲೆ ಅವನ ಕಣ್ಣಿತ್ತು. ಆಗಲೇ ಅವನು ಮೆಟ್ಟಿಲು ಹತ್ತಲು ಶುರು ಮಾಡಿದ್ದ.